ಊರೂರ ಚರಿತ್ರೆ ಕೂಡಿಟ್ಟ ಕರ್ನಲ್ ಮೆಕೆಂಜಿ

ಕರ್ನಾಟಕದ ಇತಿಹಾಸ ಕುರಿತ ಹಳೆಯ ಇಂಗ್ಲಿಷ್ ಗ್ರಂಥಗಳ ಮೊದಲ ಮುದ್ರಣಗಳನ್ನು ಅರಸುವವರ ಪಟ್ಟಿಯಲ್ಲಿ ಕೆಲವು ಹೆಸರುಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನ ಅವುಗಳಲ್ಲೊಂದು. 1810ರಲ್ಲಿ ಮೊದಲ ಸಂಪುಟವೂ 1817ರಲ್ಲಿ ಉಳಿದೆರಡು ಸಂಪುಟಗಳೂ ಪ್ರಕಟವಾದ ಮಾರ್ಕ್ ವಿಲ್ಕ್ಸ್‌ನ ಮೈಸೂರು ಇತಿಹಾಸ ಇನ್ನೊಂದು. ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದು 1900ರಲ್ಲಿ ರಾಬರ್ಟ್ ಸಿವೆಲ್ ಬರೆದ ಗ್ರಂಥ ಮತ್ತೊಂದು. ಇವುಗಳ ಮೊದಲ ಪ್ರತಿಗಳು ಇಂದು ಅಪರೂಪ. ಕೈಗೆ ಸಿಕ್ಕವರು ಜೋಪಾನವಾಗಿ ಕಾಯ್ದುಕೊಳ್ಳುತ್ತಾರೆ.

ಆದರೆ ಇಂತಹ ಗ್ರಂಥಗಳು ಅಚ್ಚಾಗುವ ಮೊದಲೇ, ಅಚ್ಚಿನ ಮುಖವನ್ನೇ ಕಾಣದ ಚರಿತ್ರೆಗಳನ್ನು ಹಳ್ಳಿಹಳ್ಳಿಗಳಿಂದ ಕೂಡಿಹಾಕಿದ ಸಂಗ್ರಾಹಕನೊಬ್ಬನಿದ್ದ. ಅವನ ಪೆಟ್ಟಿಗೆಗಳಲ್ಲಿ ಇದ್ದುದು ಶಾನುಭೋಗರ ಕಡತಗಳು, ತಾಳೆಗರಿಗಳು, ಶಾಸನಗಳ ಪ್ರತಿಗಳು ಮತ್ತು ಊರ ಹಿರಿಯರ ಹೇಳಿಕೆಗಳನ್ನು ಬರೆದುಕೊಂಡ ಹಾಳೆಗಳು. ವಿಲ್ಕ್ಸ್ ತನ್ನ ಇತಿಹಾಸಕ್ಕೆ ಬಳಸಿಕೊಂಡ ಆಕರಗಳಲ್ಲಿ ಈ ಪೆಟ್ಟಿಗೆಗಳೂ ಸೇರಿದ್ದವು. ಆ ಸಂಗ್ರಾಹಕನೇ ಭಾರತದ ಮೊದಲ ಸರ್ವೇಯರ್ ಜನರಲ್ ಕರ್ನಲ್ ಕಾಲಿನ್ ಮೆಕೆಂಜಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ಒಳಗೊಂಡ ಬಳ್ಳಾರಿ ಸೀಮೆಯ ಪೂರ್ವ ವೃತ್ತಾಂತವನ್ನು ತಿಳಿಯಬಯಸುವವರು ಇಂದಿಗೂ ಅವನ ಸಂಗ್ರಹದ ಬಾಗಿಲನ್ನು ತಟ್ಟಬೇಕಾಗಿದೆ.

ದ್ವೀಪದಿಂದ ಮದ್ರಾಸಿಗೆ

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ವಾಯವ್ಯ ತುದಿಯ ಲೂಯಿಸ್ ದ್ವೀಪದ ಸ್ಟಾರ್ನೋವೇ ಎಂಬ ಸಣ್ಣ ಬಂದರು ಪಟ್ಟಣದಲ್ಲಿ. ತಂದೆ ಅಲ್ಲಿನ ಅಂಚೆ ಮಾಸ್ತರ. ಮಗ ಮೊದಲು ಹಿಡಿದದ್ದು ಅದೇ ಊರಿನ ಸುಂಕದ ಕಚೇರಿಯ ಕೆಲಸ. ಗಣಿತದಲ್ಲಿ ಅವನಿಗಿದ್ದ ಆಸಕ್ತಿ ಬಲ್ಲವರ ಗಮನಕ್ಕೆ ಬಂತು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್‌ನ ವಂಶಸ್ಥರು ತಮ್ಮ ಪೂರ್ವಜನ ಜೀವನಚರಿತ್ರೆ ಬರೆಯಲು ತೊಡಗಿದಾಗ, ಹಿಂದೂಗಳ ಗಣಿತ ಜ್ಞಾನದ ಕುರಿತು ಮಾಹಿತಿ ಕಲೆಹಾಕುವ ಕಾರ್ಯದಲ್ಲಿ ಅವನ ನೆರವು ಪಡೆದರು. ಭಾರತದ ಕಡೆಗೆ ಅವನ ಮನಸ್ಸು ತಿರುಗಲು ಇದೂ ಒಂದು ಕಾರಣ.

1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯಕ್ಕೆ ಸೇರಿ ಬಂದಾಗ ಅವನಿಗೆ ಮೂವತ್ತರ ಹತ್ತಿರದ ವಯಸ್ಸು. ಆ ಕಾಲದ ಸಿಪಾಯಿ ಅಧಿಕಾರಿಗಳಿಗೆ ಹೋಲಿಸಿದರೆ ತಡವಾಗಿಯೇ ಬಂದವನು. ಮೊದಲು ಕಾಲ್ದಳ, ಬಳಿಕ ಇಂಜಿನಿಯರ್ ಪಡೆ. ಮೂರನೆಯ ಮೈಸೂರು ಯುದ್ಧದಲ್ಲಿ ಸೇವೆ; ಅನಂತರ ಹೈದರಾಬಾದ್ ನಿಜಾಮನ ರಾಜ್ಯದಲ್ಲಿದ್ದ ಕಂಪನಿ ಪಡೆಯೊಂದಿಗೆ ಅಳತೆಯ ಕೆಲಸ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಅವನಿದ್ದ. 1817ರಲ್ಲಿ ಗೆಳೆಯ ಅಲೆಕ್ಸಾಂಡರ್ ಜಾನ್‌ಸ್ಟನ್‌ನಿಗೆ ಬರೆದ ದೀರ್ಘ ಪತ್ರದಲ್ಲಿ ಮೆಕೆಂಜಿ ತನ್ನ ಬದುಕನ್ನು ತಾನೇ ತೂಗಿ ನೋಡಿದ್ದಾನೆ. ಭಾರತದಲ್ಲಿ ಕಳೆದ ಮೊದಲ 13 ವರ್ಷಗಳು ಸಂಗ್ರಹದ ದೃಷ್ಟಿಯಿಂದ ಹೆಚ್ಚೇನೂ ಫಲ ನೀಡಲಿಲ್ಲವೆಂಬುದು ಅವನ ಅಭಿಪ್ರಾಯ. ಯುದ್ಧ, ವರ್ಗಾವಣೆಗಳ ಜೊತೆಗೆ ಭಾಷೆಯ ತೊಡಕು ಅವನನ್ನು ಕಾಡಿತ್ತು. ಈ ನೆಲದ ಭಾಷೆಗಳು ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ.

ಬೊರ್ರಯ್ಯನೆಂಬ ಬೆಳಕು

ಆ ತೊಡಕು ಬಿಡಿಸಿದವನು ಏಲೂರಿನ ತೆಲುಗು ಬ್ರಾಹ್ಮಣ ತರುಣ ಕಾವಲಿ ವೆಂಕಟ ಬೊರ್ರಯ್ಯ. 1796ರ ನಂತರದ ವರ್ಷಗಳಲ್ಲಿ ಮೆಕೆಂಜಿಯ ಜೊತೆಯಾದ ಈ ಬಹುಭಾಷಾ ಪಂಡಿತ ಹಳಗನ್ನಡ ಲಿಪಿಯ ಶಾಸನಗಳನ್ನು ಬಿಡಿಸಿ ಓದುವ ಕೌಶಲ ಪಡೆದಿದ್ದ. ಊರಿಗೆ ಹೋದರೆ ಪುರೋಹಿತ, ಜೈನ ಗುರು, ಶಾನುಭೋಗ, ಪಟೇಲ ಯಾರೇ ಆಗಲಿ ಅವನೊಡನೆ ಸಂಕೋಚವಿಲ್ಲದೆ ಮಾತನಾಡುತ್ತಿದ್ದರು. ಮೆಕೆಂಜಿಗಾಗಿ ಬೊರ್ರಯ್ಯ ಅನುವಾದಿಸಿದ ಜೈನರ ವೃತ್ತಾಂತವು 1807ರಲ್ಲಿ ಏಷ್ಯಾಟಿಕ್ ರಿಸರ್ಚಸ್ ಪತ್ರಿಕೆಯ 9ನೆಯ ಸಂಪುಟದಲ್ಲಿ ಅವನ ಹೆಸರಿನೊಂದಿಗೇ ಅಚ್ಚಾಯಿತು. ಅದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. 1803ರಲ್ಲಿಯೇ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಬೊರ್ರಯ್ಯ ತೀರಿಕೊಂಡಿದ್ದ.

ಅವನ ಸ್ಥಾನ ತುಂಬಿದವನು ತಮ್ಮ ಲಕ್ಷ್ಮಯ್ಯ. ಮತ್ತೊಬ್ಬ ತಮ್ಮ ರಾಮಸ್ವಾಮಿಯೂ ಜೊತೆಗೂಡಿದ. ಜೈನ ಗ್ರಂಥಗಳಿಗೆ ಧರ್ಮಯ್ಯನೆಂಬ ಜೈನ ಪಂಡಿತ, ಮರಾಠಿ ಮೂಲಗಳಿಗೆ ನಾರಾಯಣರಾವ್, ತಮಿಳಿಗೆ ಬೇರೆ ಪಂಡಿತರು, ಹೀಗೆ ಒಂದು ತಂಡವೇ ಬೆಳೆಯಿತು. ರಾಜಾವಳಿ ಕಥೆಯನ್ನು ರಚಿಸಿದ ದೇವಚಂದ್ರ ಪಂಡಿತನೂ ಚಾಮರಾಜನಗರ ಸೀಮೆಯ ಮಲೆಯೂರಿನಲ್ಲಿ 1804ರಲ್ಲಿ ಮೆಕೆಂಜಿಯನ್ನು ಕಂಡಿದ್ದನು.

ಟಿಪ್ಪುವಿನ ಪತನದ ಬಳಿಕ ಮೈಸೂರು ರಾಜ್ಯದ ಸರ್ವೇ ಕಾರ್ಯವನ್ನು ಮೆಕೆಂಜಿಗೆ ವಹಿಸಲಾಯಿತು. ಸುಮಾರು 40,000 ಚದರ ಮೈಲಿಗಳ ನಾಡು. ಸರ್ಕಾರ ಬಯಸಿದ್ದು ಗಡಿ, ದಾರಿ, ಕೋಟೆ, ಕೆರೆ, ಹೊಲಗಳ ನಕ್ಷೆ. ಮೆಕೆಂಜಿ ಅದರ ಜೊತೆಗೆ ಇನ್ನೊಂದು ಕೆಲಸವನ್ನು ತಾನಾಗಿ ಹೊತ್ತುಕೊಂಡ. ಪ್ರತಿ ಸೀಮೆಯ ಅರಸುಮನೆತನ, ದೇವಾಲಯ, ಮಠ, ಜಾತಿ, ಬೆಳೆ, ಕೈಗಾರಿಕೆ, ಶಾಸನಗಳ ವಿವರವನ್ನೂ ಬರೆಸತೊಡಗಿದ. ಸರ್ಕಾರ ಸರ್ವೇಯ ಖರ್ಚನ್ನು ಕಡಿತಗೊಳಿಸಿದಾಗಲೂ, ಜ್ವರ ಬಾಧೆ ಕಾಡಿದಾಗಲೂ ಈ ಎರಡನೆಯ ಕೆಲಸ ನಿಲ್ಲಲಿಲ್ಲ. ಪಂಡಿತರ ಸಂಬಳದಲ್ಲಿ, ಗ್ರಂಥಗಳ ಖರೀದಿಯಲ್ಲಿ ಬಹುಪಾಲು ಅವನ ಸ್ವಂತ ಜೇಬಿನಿಂದಲೇ ಹೋಗುತ್ತಿತ್ತು.

ದತ್ತ ಮಂಡಲದ ಕರಣಿಕರು

1800ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಇವೇ ದತ್ತ ಮಂಡಲಗಳು. ತುಂಗಭದ್ರೆಯ ದಡದ ಹಡಗಲಿಯಿಂದ ಕೂಡ್ಲಿಗಿಯ ಬಂಡೆಗುಡ್ಡಗಳವರೆಗಿನ ನೆಲ ಹೀಗೆ ಮದ್ರಾಸ್ ಪ್ರಾಂತಕ್ಕೆ ಸೇರಿತು. ಮೊದಲ ಮುಖ್ಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ದತ್ತ ಮಂಡಲಗಳಲ್ಲಿ ಸುಮಾರು 80 ಮಂದಿ ಪಾಳೆಯಗಾರರನ್ನು ಎದುರಿಸಬೇಕಾಯಿತು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ಹೀಗೆ ತಲೆಮಾರುಗಳಿಂದ ಆಳಿದ ನಾಯಕ ಮನೆತನಗಳಿದ್ದವು. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಹಿರಿಯ ಮದಕರಿ ನಾಯಕ ಮಡಿದದ್ದು ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಎಂಬುದು ಈ ಭಾಗದಲ್ಲಿ ಇಂದಿಗೂ ನೆನಪಿನಲ್ಲಿ ಉಳಿದಿರುವ ಸಂಗತಿ.

ಮೆಕೆಂಜಿಗೆ ಈ ಸೀಮೆ ಹೊಸತಾಗಿರಲಿಲ್ಲ. 1799–1800ರ ಹೊತ್ತಿಗೇ ಹಂಪೆಯ ಪಾಳುನಗರವನ್ನು ಅಳೆದು ಅದರ ಮೊದಲ ನಕ್ಷೆಯನ್ನು ಸಿದ್ಧಪಡಿಸಿದ್ದನು. 1809ರಿಂದ 1815ರವರೆಗೆ ದತ್ತ ಮಂಡಲಗಳ ಸರ್ವೇ ಅವನ ಮೇಲ್ವಿಚಾರಣೆಯಲ್ಲಿ ನಡೆಯಿತು. ಮದ್ರಾಸಿನ ಸರ್ವೇ ಶಾಲೆಯಲ್ಲಿ ತರಬೇತಿ ಪಡೆದ ತರುಣರು ಸರಪಳಿ ಹಿಡಿದು ನೆಲವನ್ನು ಅಳೆದರು. ಅವರ ಜೊತೆಜೊತೆಗೆ ಪಂಡಿತರು, ಗುಮಾಸ್ತರು ಊರ ಚಾವಡಿಗಳಲ್ಲಿ ಕುಳಿತು ಕೇಳಿ ಬರೆದುಕೊಂಡರು.

ಹೀಗೆ ಬರೆದುಕೊಂಡ ವೃತ್ತಾಂತಗಳಿಗೆ ಕೈಫಿಯತ್ತುಗಳೆಂದು ಹೆಸರು. ಇದರ ವಿಧಾನ ಸರಳ. ಯಾವ ಯಾವ ವಿಷಯ ಕೇಳಬೇಕೆಂಬ ಪಟ್ಟಿ ಮೊದಲೇ ಸಿದ್ಧವಿರುತ್ತಿತ್ತು. ಊರಿಗೆ ಹೆಸರು ಬಂದದ್ದು ಹೇಗೆ, ಕೆರೆ ಕಟ್ಟಿಸಿದವರು ಯಾರು, ದೇವರಿಗೆ ಉಂಬಳಿ ಬಿಟ್ಟವರು ಯಾರು, ಯಾವ ದೊರೆಯ ಬಳಿಕ ಯಾವ ದೊರೆ ಬಂದನು, ತೆರಿಗೆ ಎಷ್ಟಿತ್ತು ಎಂಬೆಲ್ಲ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವನು ಊರ ಕರಣಿಕ ಅಥವಾ ಶಾನುಭೋಗ. ಅವನ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಲೆಕ್ಕದ ಪುಸ್ತಕವಿರುತ್ತಿತ್ತು. ಇದಕ್ಕೆ ಕವಿಲೆ ಎಂದೂ ಹೆಸರು. ಬಟ್ಟೆಗೆ ಕಪ್ಪು ಲೇಪ ಬಳಿದು ಮಡಿಚಿದ ಕಡತದ ಮೇಲೆ ಬಳಪದಿಂದ ಬರೆದ ಈ ಲೆಕ್ಕಗಳಲ್ಲಿ ಗದ್ದೆ, ತೋಟ, ಕಂದಾಯಗಳ ನಡುವೆ ಊರಿನ ಚರಿತ್ರೆಯೂ ಸೇರಿಕೊಂಡಿತ್ತು. ಪಂಡಿತರು ಅದನ್ನು ನಕಲು ಮಾಡಿಕೊಂಡರು; ಕಡತ ಇಲ್ಲದ ಕಡೆ ಹಿರಿಯರ ಬಾಯಿಂದ ಕೇಳಿ ಬರೆದರು. ತಿರುಗಾಟದ ವರದಿ ಮೆಕೆಂಜಿಗೆ ಕಾಲಕಾಲಕ್ಕೆ ತಲುಪುತ್ತಿತ್ತು.

1565ರ ತಾಳಿಕೋಟೆ ಯುದ್ಧದ ಬಳಿಕ ವಿಜಯನಗರದ ಹಿಡಿತ ಸಡಿಲವಾದಾಗ ಈ ಸೀಮೆಯ ಹಳ್ಳಿಗಳು ಕಂಡ ಪ್ರಭುತ್ವಗಳು ಒಂದೆರಡಲ್ಲ. ಬಿಜಾಪುರದ ಸುಲ್ತಾನರು, ಮರಾಠರು, ನಿಜಾಮ, ಹೈದರ್, ಟಿಪ್ಪು, ಕಡೆಗೆ ಕಂಪನಿ. ಇವರೆಲ್ಲರ ನಡುವೆ ಕಪ್ಪ ಕೊಟ್ಟು, ಕಾದಾಡಿ, ಬಾಗಿ, ಸೆಟೆದು ಉಳಿದವರು ಪಾಳೆಯಗಾರರು. ದೊಡ್ಡ ಅರಸರ ಆಸ್ಥಾನ ಚರಿತ್ರೆಗಳಲ್ಲಿ ಇವರಿಗೆ ಒಂದು ಸಾಲಿನ ಜಾಗವೂ ಸಿಗುವುದಿಲ್ಲ. ಕೈಫಿಯತ್ತುಗಳಲ್ಲಿ ಅವರ ಕೋಟೆ, ಮದುವೆ, ಜಗಳ, ದಾನಗಳಿಗೆ ಪುಟಗಟ್ಟಲೆ ಸ್ಥಳ ದೊರೆಯಿತು.

ಆದರೆ ಇವುಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಂಪನಿಯ ಅಧಿಕಾರಿಯ ಪರವಾಗಿ ಬಂದು ಕೇಳುವವನೆದುರು ಉತ್ತರಿಸುವವನಿಗೆ ಭಯವೂ ಇತ್ತು, ಆಸೆಯೂ ಇತ್ತು. ಅಧಿಕಾರ ಕಳೆದುಕೊಂಡ ಪಾಳೆಯಗಾರ ಮನೆತನಕ್ಕೆ ಪಿಂಚಣಿಯ ನಿರೀಕ್ಷೆ. ದೇವಸ್ಥಾನದ ಅರ್ಚಕನಿಗೆ ಇನಾಮು ಭೂಮಿ ಉಳಿಸಿಕೊಳ್ಳುವ ಚಿಂತೆ. ಹೀಗಾಗಿ ವಂಶಾವಳಿಗಳು ಕೆಲವೊಮ್ಮೆ ಪುರಾಣಕ್ಕೆ ಚಾಚುತ್ತವೆ, ಇಸವಿಗಳು ಹಿಂದುಮುಂದಾಗುತ್ತವೆ. ಇದಕ್ಕೆ ಔಷಧಿ ಶಾಸನಗಳಲ್ಲಿದೆ. ಹರಪನಹಳ್ಳಿ ತಾಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳು 1939ರಲ್ಲಿ ದಕ್ಷಿಣ ಭಾರತದ ಶಾಸನಗಳು ಮಾಲಿಕೆಯ 9ನೆಯ ಸಂಪುಟದಲ್ಲಿ ಅಚ್ಚಾದವು. ಕಲ್ಲಿನ ಬರಹವನ್ನೂ ಕಡತದ ಬರಹವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ಯಾವುದು ಘಟನೆ, ಯಾವುದು ಅಭಿಮಾನ ಎಂಬುದು ತಿಳಿಯುತ್ತದೆ. ಎರಡನ್ನೂ ಕೂಡಿಡಬೇಕೆಂಬ ವಿವೇಕ ಮೆಕೆಂಜಿಗಿತ್ತು. ಕೈಫಿಯತ್ತುಗಳ ಜೊತೆಗೆ ಸಾವಿರಾರು ಶಾಸನಗಳ ಪ್ರತಿಗಳನ್ನೂ ಅವನು ಮಾಡಿಸಿದ್ದ.

ಜಾವಾ, ಕಲ್ಕತ್ತೆ, ಕೊನೆಯ ದಿನಗಳು

1810ರಲ್ಲಿ ಮೆಕೆಂಜಿ ಮದ್ರಾಸಿನ ಸರ್ವೇಯರ್ ಜನರಲ್ ಆದನು. ಮರುವರ್ಷವೇ ಜಾವಾ ದ್ವೀಪದ ದಂಡಯಾತ್ರೆಗೆ ಕರೆ ಬಂತು. ಸುಮಾರು ಎರಡು ವರ್ಷ ಅಲ್ಲಿದ್ದು, ಪ್ರಂಬಾನನ್ ದೇವಾಲಯಗಳ ಅವಶೇಷಗಳನ್ನು ಪರಿಶೀಲಿಸಿ, ಡಚ್ ಮತ್ತು ಜಾವಾ ಹಸ್ತಪ್ರತಿಗಳನ್ನು ಕಲೆಹಾಕಿದನು. 1812ರಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬುವಳನ್ನು ವಿವಾಹವಾದದ್ದೂ ಅಲ್ಲಿಯೇ. ಅವನು ಸಮುದ್ರದಾಚೆ ಇದ್ದಾಗ ದಕ್ಷಿಣದ ಸಂಗ್ರಹಕಾರ್ಯವನ್ನು ನಿಲ್ಲದಂತೆ ನಡೆಸಿದವನು ಲಕ್ಷ್ಮಯ್ಯ.

1815ರಲ್ಲಿ ಮೂರು ಪ್ರಾಂತಗಳ ಸರ್ವೇ ಇಲಾಖೆಗಳನ್ನು ಒಂದುಗೂಡಿಸಿ ಮೆಕೆಂಜಿಯನ್ನು ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನೇಮಿಸಲಾಯಿತು. 1816ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದ ಬರೆದ ಅವನ ವರ್ಣಚಿತ್ರ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಸಮವಸ್ತ್ರದ ಮೆಕೆಂಜಿಯ ಸುತ್ತ ಮೂವರು ಭಾರತೀಯ ಸಹಾಯಕರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ತಾಳೆಗರಿ, ಇನ್ನೊಬ್ಬನ ಕೈಯಲ್ಲಿ ದುರ್ಬೀನು. ಹಿನ್ನೆಲೆಯ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟ. ಸಾಮ್ರಾಜ್ಯದ ಅಧಿಕಾರಿಯೊಬ್ಬ ತನ್ನ ಚಿತ್ರದಲ್ಲಿ ಸಹಾಯಕರಿಗೆ ಇಷ್ಟು ಎದ್ದು ಕಾಣುವ ಸ್ಥಾನ ಕೊಟ್ಟದ್ದು ಆ ಕಾಲಕ್ಕೆ ಅಪರೂಪವೇ.

1817ರಲ್ಲಿ ಪೆಟ್ಟಿಗೆಗಳೊಂದಿಗೆ, ಕೆಲವು ಪಂಡಿತರೊಂದಿಗೆ ಮೆಕೆಂಜಿ ಕಲ್ಕತ್ತೆಗೆ ಹೋದನು. ಸಂಗ್ರಹಕ್ಕೊಂದು ಕ್ರಮಬದ್ಧ ಸೂಚಿ ತಯಾರಿಸಿ ಜಗತ್ತಿನ ಮುಂದಿಡಬೇಕೆಂಬುದು ಅವನ ಬಹುದಿನಗಳ ಹಂಬಲ. ಆದರೆ ಕಚೇರಿಯ ಕೆಲಸ ಬಿಡುವು ಕೊಡಲಿಲ್ಲ, ದೇಹವೂ ಸಹಕರಿಸಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಬಳಿ ಅವನು ನಿಧನನಾದನು. ಅಲ್ಲಿನ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಭಾರತಕ್ಕೆ ಬಂದ ಮೇಲೆ ಮತ್ತೆ ಸ್ವದೇಶವನ್ನು ಅವನು ಕಾಣಲೇ ಇಲ್ಲ.

ಅವನು ಬಿಟ್ಟುಹೋದದ್ದೆಷ್ಟೆಂಬುದು 1828ರಲ್ಲಿ ಎಚ್.ಎಚ್. ವಿಲ್ಸನ್ ಪ್ರಕಟಿಸಿದ ಸೂಚಿಯಿಂದ ಜಗತ್ತಿಗೆ ತಿಳಿಯಿತು. ಸಾಹಿತ್ಯ ಹಸ್ತಪ್ರತಿಗಳು 1,568, ಸ್ಥಳೀಯ ವೃತ್ತಾಂತಗಳು 2,070, ಶಾಸನಗಳ ಪ್ರತಿಗಳು 8,076, ಅನುವಾದಗಳು 2,159, ಚಿತ್ರಗಳು 2,630, ನಾಣ್ಯಗಳು 6,218. ಇದಕ್ಕಾಗಿ ಮೆಕೆಂಜಿ 15,000 ಪೌಂಡುಗಳಿಗೂ ಹೆಚ್ಚು ವ್ಯಯಿಸಿದ್ದನೆಂದು ಜಾನ್‌ಸ್ಟನ್ ನಂತರ ಸಾಕ್ಷ್ಯ ನುಡಿದನು. ಕಂಪನಿ ಅದನ್ನು ವಿಧವೆಯಿಂದ 10,000 ಪೌಂಡುಗಳಿಗೆ, ಅಂದರೆ ಆಗಿನ ಸುಮಾರು 1 ಲಕ್ಷ ರೂಪಾಯಿಗೆ, ಕೊಂಡುಕೊಂಡಿತು.

ಲಕ್ಷ್ಮಯ್ಯನಿಗೆ ಸಿಗದ ಮನ್ನಣೆ

ಸಂಗ್ರಹ ಮಾರಾಟವಾದ ಬಳಿಕ ಹಂಚಿಹೋಯಿತು. ಸಂಸ್ಕೃತ, ಪರ್ಷಿಯನ್ ಹಸ್ತಪ್ರತಿಗಳು, ಚಿತ್ರಗಳು, ನಾಣ್ಯಗಳು ಬಹುಪಾಲು ಲಂಡನ್ನಿಗೆ ಹೋದವು. ಕನ್ನಡ, ತೆಲುಗು, ತಮಿಳು ಮೊದಲಾದ ದಕ್ಷಿಣದ ಭಾಷೆಗಳ ಕಾಗದಗಳು 1828ರಲ್ಲಿ ಮದ್ರಾಸಿಗೆ ಮರಳಿದವು. ಇವನ್ನೆಲ್ಲ ಓದಿ, ಅರ್ಥ ಹೇಳಿ, ಮುಂದುವರಿಸಬಲ್ಲವನು ಲಕ್ಷ್ಮಯ್ಯನೊಬ್ಬನೇ ಉಳಿದಿದ್ದನು. ಅಣ್ಣನ ಕಾಲದಿಂದಲೂ ಈ ಕಾರ್ಯದಲ್ಲಿ ಬೆಳೆದವನು. ಮದ್ರಾಸಿನಲ್ಲಿ ಹಿಂದೂ ಸಾಹಿತ್ಯ ಸಂಘವನ್ನು ಕಟ್ಟಿ ಸಂಶೋಧನೆ ಮುಂದುವರಿಸಲು ಹೊರಟವನು. ತನಗೆ ಈ ಹೊಣೆ ವಹಿಸಬೇಕೆಂದು ಅವನು ಸಲ್ಲಿಸಿದ ಕೋರಿಕೆ 1836ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಬಂತು. ಜೇಮ್ಸ್ ಪ್ರಿನ್ಸೆಪ್ ಕಾರ್ಯದರ್ಶಿಯಾಗಿದ್ದ ಕಾಲವದು. ಸಾಮಗ್ರಿ ಕೂಡಿಸಲು ದೇಶೀಯರು ಸಮರ್ಥರು, ಆದರೆ ಅದನ್ನು ವಿಮರ್ಶಿಸಿ ಚರಿತ್ರೆ ರಚಿಸುವ ಯೋಗ್ಯತೆ ಅವರಿಗಿಲ್ಲ ಎಂಬ ಧೋರಣೆಯಿಂದ ಸಮಿತಿ ಅದನ್ನು ತಳ್ಳಿಹಾಕಿತು. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಸೇರಿತು.

ಬಾಗಿಲು ಮುಚ್ಚಿದ ಈ ಒಂದು ನಿರ್ಣಯದ ಪರಿಣಾಮ ದೂರ ಚಾಚಿತು. ಕೈಫಿಯತ್ತುಗಳನ್ನು ಬರೆದುಕೊಂಡ ಕೈಗಳಿಗೆ ಅವನ್ನು ವಿವರಿಸುವ ಅವಕಾಶ ತಪ್ಪಿತು. ಹಸ್ತಪ್ರತಿಗಳು ಕಪಾಟಿನಲ್ಲಿ ಜೀರ್ಣವಾಗತೊಡಗಿದವು. ಹುಳು, ಶಾಯಿ, ತೇವಗಳು ತಮ್ಮ ಪಾಲು ತೆಗೆದುಕೊಂಡವು. ತೆಲುಗು ಭಾಗದ ಅನೇಕ ಕಾಗದಗಳಿಗೆ ಸಿ.ಪಿ. ಬ್ರೌನ್ ಮರುಪ್ರತಿ ಮಾಡಿಸಿದ ಕಾರಣ ಅವು ಉಳಿದವು. ಕನ್ನಡದ ಕಾಗದಗಳು ಮದ್ರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಸೇರಿ ದೀರ್ಘಕಾಲ ಬೆರಳೆಣಿಕೆಯ ವಿದ್ವಾಂಸರಿಗಷ್ಟೇ ಪರಿಚಿತವಾಗಿದ್ದವು.

ಇತ್ತ ಊರುಗಳ ವಿಳಾಸವೇ ಬದಲಾಗುತ್ತ ಹೋಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮದ್ರಾಸ್ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಕಾಲಕ್ಕೆ ತುಂಗಭದ್ರಾ ಜಲಾಶಯದಲ್ಲಿ ಈ ಸೀಮೆಯ ಹಲವು ಹಳ್ಳಿಗಳು ಮುಳುಗಿದವು; ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕು ಕಟ್ಟಿಕೊಂಡರು. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳೊಂದಿಗೆ ವಿಜಯನಗರ ಜಿಲ್ಲೆಯ ಭಾಗವಾಯಿತು. ನೆಲ ರಾಜ್ಯ ಬದಲಿಸಿತು, ಜಿಲ್ಲೆ ಬದಲಿಸಿತು. ಅದರ ಹಳೆಯ ಕಾಗದಗಳು ಮಾತ್ರ ಮದ್ರಾಸಿನಲ್ಲೇ ಉಳಿದವು.

ಅವು ಕನ್ನಡದ ಸಾಮಾನ್ಯ ಓದುಗರಿಗೆ ತಲುಪಲು 1994ರವರೆಗೆ ಕಾಯಬೇಕಾಯಿತು. ಆ ವರ್ಷ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಕರ್ನಾಟಕದ ಕೈಫಿಯತ್ತುಗಳು ಎಂಬ ಬೃಹತ್ ಸಂಪುಟವನ್ನು ಹೊರತಂದಿತು. ಮೆಕೆಂಜಿ ಎರಡು ಶತಮಾನಗಳ ಹಿಂದೆ ಸರಪಳಿ ಹಿಡಿದು ಅಳೆದ ಹಂಪೆಯ ಮಗ್ಗುಲಲ್ಲೇ, ಅವನು ಬರೆಸಿದ ವೃತ್ತಾಂತಗಳು ಕನ್ನಡದಲ್ಲಿ ಪುಸ್ತಕರೂಪ ತಾಳಿದ್ದು ಉಚಿತವಾಗಿಯೇ ಇದೆ. ಊರ ಹೆಸರು ಹಿಡಿದು ಪುಟ ತಿರುವಿದರೆ ಕೆರೆ, ಕೋಟೆ, ಗುಡಿಗಳ ಹಿಂದಿನ ಕಥೆ ಕಣ್ಣಮುಂದೆ ಬರುತ್ತದೆ.

ಮೆಕೆಂಜಿ ಪರದೇಶಿ ಪ್ರಭುತ್ವದ ಸೇವಕನಾಗಿದ್ದನು. ಅವನ ನಕ್ಷೆಗಳು ಕಂದಾಯ ವಸೂಲಿಗೂ ಸೈನ್ಯದ ನಡಿಗೆಗೂ ನೆರವಾದವು ಎಂಬುದನ್ನು ಮರೆಯಲಾಗದು. ಸಂಗ್ರಹಿಸಿದ ಕಾಗದಗಳನ್ನು ಅವುಗಳ ನೆಲದಿಂದ ದೂರ ಒಯ್ದದ್ದೂ ನಿಜ. ಆದರೆ ಊರುಗಳಲ್ಲಿ ಉಳಿದ ಮೂಲ ಕಡತಗಳ ಗತಿಯನ್ನು ಗಮನಿಸಿದರೆ ಲೆಕ್ಕ ಬೇರೆಯಾಗುತ್ತದೆ. ಶಾನುಭೋಗಿಕೆ ಕೊನೆಗೊಂಡ ಮೇಲೆ ಎಷ್ಟೋ ಮನೆಗಳ ಅಟ್ಟದಲ್ಲಿ ಕಡತಗಳು ಗೆದ್ದಲಿಗೆ ಆಹಾರವಾದವು, ಇಲ್ಲವೇ ರದ್ದಿಗೆ ಸೇರಿದವು. ಅಂತಹ ಊರುಗಳ ಪಾಲಿಗೆ ಮೆಕೆಂಜಿಯ ಪಂಡಿತರು ಮಾಡಿಕೊಂಡ ನಕಲೇ ಉಳಿದಿರುವ ಏಕೈಕ ಪ್ರತಿ. ಬುಕಾನನ್, ವಿಲ್ಕ್ಸ್, ಸಿವೆಲ್ಲರ ಮೊದಲ ಮುದ್ರಣ ಕಳೆದುಹೋದರೆ ಎರಡನೆಯ ಮುದ್ರಣವಾದರೂ ಸಿಕ್ಕೀತು. ಊರ ಕರಣಿಕನ ಕಡತಕ್ಕೆ ಎರಡನೆಯ ಮುದ್ರಣವೆಂಬುದು ಇರಲಿಲ್ಲ.

ಆ ನಕಲನ್ನು ಬರೆದುಕೊಂಡ ಬೊರ್ರಯ್ಯ, ಲಕ್ಷ್ಮಯ್ಯ, ಧರ್ಮಯ್ಯ, ನಾರಾಯಣರಾವ್ ಮತ್ತು ಹೆಸರು ದಾಖಲಾಗದ ಅದೆಷ್ಟೋ ಗುಮಾಸ್ತರಿಗೆ ಕರ್ನಾಟಕದಲ್ಲಿ ಸ್ಮಾರಕಗಳಿಲ್ಲ. ಹರಪನಹಳ್ಳಿಯ ಕೋಟೆಯನ್ನೋ ಗುಡೇಕೋಟೆಯ ಗುಡ್ಡವನ್ನೋ ನೋಡಲು ಹೋಗುವವರು ಮೊದಲು ಆ ಊರಿನ ವೃತ್ತಾಂತವನ್ನು ಗ್ರಂಥಾಲಯದಲ್ಲಿ ಓದಿ ಹೊರಟರೆ, ಆ ಸಂಗ್ರಾಹಕರಿಗೆ ಸಲ್ಲಬೇಕಾದ ಗೌರವದ ಒಂದಂಶವಾದರೂ ಸಂದೀತು.